ಹೊಂದಿಕೆಯಾಗದ ಹೆಸರು

ಬ್ಯಾಂಕಿನ ಪಟ್ಟಿಯಲ್ಲಿದ್ದ ಒಬ್ಬ ಹೆಣ್ಣುಮಗಳೂ ನಮ್ಮೂರ ಒಕ್ಕೂಟದ ಪುಸ್ತಕದಲ್ಲಿದ್ದ ಒಬ್ಬ ಹೆಣ್ಣುಮಗಳೂ ಬೇರೆ ಬೇರೆಯಲ್ಲ, ಒಬ್ಬಳೇ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಗೊತ್ತಿಲ್ಲದೆ ಸುಮ್ಮನಿದ್ದೆ ಎನ್ನುವ ಹಾಗಿಲ್ಲ. ಆಕೆ ನನ್ನ ಒಡಹುಟ್ಟಿದ ತಂಗಿ. ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾಗಿ ನಾವು ನೆಗೆಣ್ಣಿಯರೂ ಆಗಿದ್ದೆವು.

ಅವಳ ಮೇಲಿನ ಸಿಟ್ಟು ಈಗ ಪೂರ್ತಿ ಆರಿದೆ ಎಂದು ಬರೆದರೆ ಅದೂ ಒಂದು ಸುಳ್ಳಾಗುತ್ತದೆ. ಆದ್ದರಿಂದ ಸಿಟ್ಟಿನಿಂದಲೇ ಶುರು ಮಾಡುತ್ತೇನೆ.

ನಾನು ಓದಿದ್ದು ಏಳನೆಯವರೆಗೆ. ಸುರಪುರದ ಹತ್ತಿರದ ಬೋನಾಳದಿಂದ ಶಹಾಪುರದ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದ ವರ್ಷವೇ ಆ ಊರಿನ ಹೊಲಗಳಿಗೆ ಕಾಲುವೆಯ ನೀರು ಹರಿಯಿತು. ಜೋಳ ಬಿತ್ತುತ್ತಿದ್ದ ಮಂದಿ ಭತ್ತ ಹಚ್ಚಿದರು. ನಮ್ಮ ಮನೆಯವರೂ ಹಚ್ಚಿದರು. ಆದರೆ ಭತ್ತ ಮಾರುವುದಕ್ಕೆ. ತಿನ್ನುವುದಕ್ಕೆ ಜೋಳವೇ ಬೇಕು. ನೀರು ಹತ್ತದ ದಿಬ್ಬದ ಹೊಲವೊಂದರಲ್ಲಿ ಮಾತ್ರ ಜೋಳ ಬೆಳೆಯುತ್ತಿತ್ತು. ಅದೇ ಇಡೀ ವರ್ಷದ ರೊಟ್ಟಿ. ಹೀಗಾಗಿ ಜೋಳದ ಕೋಣೆಗೆ ಕೀಲಿ ಬಿತ್ತು. ಆ ಕೀಲಿಕೈ ಮೊದಲು ಅತ್ತೆಯ ಸೆರಗಿನಲ್ಲಿತ್ತು. ಅತ್ತೆಗೆ ಮೊಣಕಾಲು ಹಿಡಿದುಕೊಂಡ ಮೇಲೆ ನನ್ನ ಸೆರಗಿಗೆ ಬಂತು.

ತವರಿನಲ್ಲಿ ಅಪ್ಪ ಇರಲಿಲ್ಲ. ಅವ್ವ ಕೂಲಿ ಮಾಡಿ ತಂಗಿಯನ್ನು ಸಾಕುತ್ತಿದ್ದಳು. ಸುರಪುರದಿಂದ ಸೈಕಲ್ ಮೇಲೆ ಬಳೆ ಮಾರುತ್ತ ಒಬ್ಬ ಮುದುಕ ನನ್ನ ಗಂಡನ ಊರಿಗೆ ಬರುತ್ತಿದ್ದ. ಬಳೆಗಾರ ಕಾಕಾ ಎನ್ನುತ್ತಿದ್ದೆವು. ಅವನು ಬಂದಾಗಲೆಲ್ಲ ಬಳೆಯ ಪೆಟ್ಟಿಗೆಯ ಕೆಳಗೆ ಒಂದು ಸಣ್ಣ ಚೀಲ ಜೋಳ ಇಟ್ಟು ಕಳಿಸುತ್ತಿದ್ದೆ. ಅವನು ಅದನ್ನು ಬೋನಾಳಕ್ಕೆ ಮುಟ್ಟಿಸುತ್ತಿದ್ದ. ನನ್ನ ತಂಗಿ ಆ ಜೋಳ ತಿಂದು ಬೆಳೆದವಳು. ಇದನ್ನು ನಾನು ಯಾವತ್ತೂ ಮರೆಯಲಿಲ್ಲ. ಅವಳು ಮರೆತಳು.

ಮೈದುನನಿಗೆ ಹೆಣ್ಣು ನೋಡುವಾಗ ನಾನೇ ಹಟ ಮಾಡಿ ತಂಗಿಯನ್ನು ತಂದುಕೊಂಡೆ. ಮದುವೆಯ ಮಾತಿನಲ್ಲಿ ಒಂದು ತೊಡಕು ಬಂತು. ಅತ್ತೆಯ ಹೆಸರೂ ತಂಗಿಯ ಹೆಸರೂ ಒಂದೇ. ನಮ್ಮ ಕಡೆ ಅತ್ತೆಯ ಹೆಸರಿನ ಸೊಸೆ ಬಂದರೆ ಆ ಹೆಸರನ್ನು ಹಾಗೇ ಇಡುವುದಿಲ್ಲ.

"ಸೊಸಿಗಿ ಬೈದ್ರ ಅತ್ತಿಗಿ ಬೈದಂಗ ಆಗ್ತದ. ಬದಲಿ ಮಾಡಬೇಕು," ಎಂದಳು ಗಂಡನ ದೊಡ್ಡವ್ವ.

"ಬದಲಿ ಬ್ಯಾಡ ಬಿಡು ಯವ್ವ, ಹಂಗರ ಒಮ್ಮೆ ಅತ್ತಿಗಿ ಬೈಯಾಕ ಸಿಗ್ತದ," ಎಂದು ಒಬ್ಬಳು ಅಂದಿದ್ದಕ್ಕೆ ಮಂದಿಯೆಲ್ಲ ನಕ್ಕರು. ಅತ್ತೆ ನಗಲಿಲ್ಲ. ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಸಿದರು. ಅಂದಿನಿಂದ ಹುಟ್ಟಿದ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಕೆಲವು ವರ್ಷಕ್ಕೆ ಊರಿಗೂ ಅದು ಗೊತ್ತಿಲ್ಲದ ಹಾಗಾಯಿತು.

ಅವಳು ಬಂದ ಮೊದಲ ವರ್ಷವೇ ಒಂದು ಮುಂಜಾನೆ ಅತ್ತೆ ಬಳೆಗಾರ ಕಾಕಾನನ್ನು ಅಂಗಳದಲ್ಲಿ ನಿಲ್ಲಿಸಿದಳು.

"ಕಾಕಾ, ಆ ಪೆಟ್ಟಿಗಿ ಕೆಳಗ ಏನದ, ತೆಗಿ."

"ಸುರಪುರಕ್ಕ ಮುಟ್ಟಿಸೋ ಸಾಮಾನದವ್ವ."

"ನಿನ್ನ ಸಾಮಾನಕ್ಕ ನಮ್ಮ ದಿಬ್ಬದ ಹೊಲದ ವಾಸನಿ ಬರಾಕತ್ತದಲ್ಲ?"

ಚೀಲ ಬಿಚ್ಚಿತು. ಅಕ್ಕಪಕ್ಕದ ಹೆಂಗಸರು ಗೋಡೆಯ ಮೇಲಿಂದ ಕತ್ತು ಚಾಚಿದರು. ಅತ್ತೆ ಕುಂಟುತ್ತ ಬಂದು ನನ್ನ ಸೆರಗಿನ ಗಂಟು ತಾನೇ ಬಿಚ್ಚಿ ಕೀಲಿಕೈ ತೆಗೆದುಕೊಂಡಳು. "ಕಳ್ಳಿ! ನಿನ್ನ ಒಡಹುಟ್ಟಿದಾಕಿನೇ ಹೇಳ್ಯಾಳ ನನಗ. ಆಕಿ ಒಬ್ಬಾಕಿ ನಿಯತ್ತಿನಾಕಿ ಅದಾಳ ನಿಮ್ಮ ಮನ್ಯಾಗ," ಎಂದು ಅದೇ ಕೀಲಿಕೈಯನ್ನು ತಂಗಿಯ ಸೆರಗಿಗೆ ಕಟ್ಟಿದಳು. ಹೊಲದಿಂದ ಬಂದ ಗಂಡ ನನ್ನ ಮೇಲೆ ಕೈ ಮಾಡಿದ. ಅವನು ಹೊಡೆದದ್ದು ಅದೇ ಮೊದಲು.

ಮರುದಿನ ಒಲೆಯ ಮುಂದೆ ಅವಳನ್ನು ಕೇಳಿದೆ. "ಯಾಕ ಹೇಳಿದಿ?"

ಅವಳು ಬೇಳೆ ತಿರುವುತ್ತಲೇ ಇದ್ದಳು. "ಈ ಮನ್ಯಾಗ ನಾನೂ ಬದುಕಬೇಕಲ್ಲ ಯಕ್ಕ."

"ಅವ್ವ ಏನ್ ತಿನ್ನಬೇಕು?"

"ಎಲ್ಲಾರೂ ಏನರ ತಿಂತಾರ."

ಆ ಮಾತು ನನ್ನೊಳಗೆ ಮುಳ್ಳಿನಂತೆ ಉಳಿಯಿತು. ಅವ್ವನಿಗೆ ಹೋಗುವ ಜೋಳ ನಿಂತಿತು. ಯಾಕೆ ನಿಂತಿತೆಂದು ಅವ್ವ ಕೇಳಲಿಲ್ಲ. ಕೇಳದೆ ಕೂಲಿಗೆ ಇನ್ನಷ್ಟು ದೂರ ಹೋಗತೊಡಗಿದಳು. ನಾನು ಸಣ್ಣ ಸಣ್ಣ ಸೇಡು ತೀರಿಸಿಕೊಂಡೆ. ತಂಗಿ ಮಾಡಿಟ್ಟ ಸಾರಿಗೆ ಮರೆಯಲ್ಲಿ ಮತ್ತೊಂದು ಮುಷ್ಟಿ ಉಪ್ಪು ಹಾಕಿದ್ದೇನೆ. ಅವಳು ಒಣಗಲು ಹರವಿದ ಶಾವಿಗೆಯ ಕಡೆಗೆ ಮೇಕೆ ಬಿಟ್ಟಿದ್ದೇನೆ. ಮಂದಿಯ ಮುಂದೆ ಅವಳು ಬೈಸಿಕೊಂಡಾಗ ಒಳಗೆ ಹೋಗಿ ನೀರು ಕುಡಿದು ಬಂದಿದ್ದೇನೆ, ಅಷ್ಟು ಹಿತವಾಗುತ್ತಿತ್ತು. ಆದರೆ ಅದೆಲ್ಲ ಕೀಲಿಕೈಗೆ ಸಮ ಆಗುತ್ತಿರಲಿಲ್ಲ.

ಅತ್ತೆ ಸತ್ತಳು. ಅಣ್ಣತಮ್ಮಂದಿರು ಬೇರೆಯಾದರು. ಮನೆಯ ನಡುವೆ ಗೋಡೆ ಎದ್ದಿತು. ಅವಳು ಆ ಕಡೆ, ನಾನು ಈ ಕಡೆ. ಯಾದಗಿರಿ ಜಿಲ್ಲೆಯಾದ ಮೇಲಿನ ಮಾತು ಇನ್ನು ಮುಂದಿನದು.

ಆ ಹೊತ್ತಿಗೆ ನಮ್ಮೂರಿನಲ್ಲಿ ಹೆಂಗಸರ ಸಂಘಗಳಿದ್ದವು. ಎಲ್ಲ ಸಂಘಗಳೂ ಸೇರಿ ಒಂದು ಒಕ್ಕೂಟ. ಬರೆಯಲು ಬರುವ ಹೆಂಗಸರು ಕಡಿಮೆ ಇದ್ದುದರಿಂದ ಒಕ್ಕೂಟದ ಪುಸ್ತಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಉಳಿತಾಯ, ಸಾಲ, ಮರುಪಾವತಿ ಎಲ್ಲವನ್ನೂ ನಾನು ಬರೆದಿಡಬೇಕು. ಹಣ ಇರುವುದು ಶಹಾಪುರದ ಬ್ಯಾಂಕಿನಲ್ಲಿ. ಸಾಲಕ್ಕೆ ಮಂಜೂರಿ ಕೊಟ್ಟು ಬಡ್ಡಿಯಲ್ಲಿ ರಿಯಾಯಿತಿ ಕೊಡುವುದು ಯಾದಗಿರಿಯ ಸರ್ಕಾರಿ ಕಚೇರಿ. ಈ ಮೂವರೂ ಒಂದೇ ಹೆಂಗಸಿನ ಲೆಕ್ಕವನ್ನು ಮೂರು ಥರ ಇಟ್ಟಿದ್ದರು. ನಾವು ಸಂಘದಲ್ಲಿ ಕರೆಯುವ ಹೆಸರು ಮತ್ತು ಗಂಡನ ಹೆಸರು ಬರೆಯುತ್ತಿದ್ದೆವು. ಬ್ಯಾಂಕಿನವರು ಶಾಲೆಯ ಕಾಗದ ನೋಡಿ ಅಪ್ಪನ ಹೆಸರು ಬರೆದುಕೊಂಡಿದ್ದರು. ಕಚೇರಿಯವರು ಸಂಘದ ಸಂಖ್ಯೆಯೊಂದನ್ನೇ ಹಿಡಿದಿದ್ದರು. ಯಾದಗಿರಿಯಿಂದ ಹೋದ ಕಾಗದ ಶಹಾಪುರದಲ್ಲಿ ತಾಳೆಯಾಗದೆ ವಾಪಸು ಬರುತ್ತಿತ್ತು. ಒಂದು ಮನೆಯ ಸೇರಿನಲ್ಲಿ ಅಳೆದ ಕಾಳನ್ನು ಇನ್ನೊಂದು ಮನೆಯ ಸೇರಿನಲ್ಲಿ ಅಳೆದರೆ ಜಗಳ ಬರುತ್ತದಲ್ಲ, ಹಾಗೆ.

ಆಗ ಮೇಲಿನಿಂದ ಆದೇಶ ಬಂತು: ಮೂವರ ಕಂಪ್ಯೂಟರುಗಳನ್ನೂ ಒಂದಕ್ಕೊಂದು ಜೋಡಿಸಬೇಕು; ಅದಕ್ಕೆ ಮೊದಲು ಮೂವರೂ ಒಂದೇ ನಮೂನೆಯಲ್ಲಿ ಬರೆಯಬೇಕು. ಮೊದಲ ಕಾಲಂ ಸದಸ್ಯೆಯ ಹೆಸರು, ಆಮೇಲೆ ತಂದೆ, ಆಮೇಲೆ ಗಂಡ, ಹುಟ್ಟಿದ ದಿನ, ಊರಿಗೊಂದು ಸಂಖ್ಯೆ. ಕೊನೆಗೆ ಪ್ರತಿ ಹೆಂಗಸಿಗೂ ಮೂರು ಕಡೆಯೂ ನಡೆಯುವ ಒಂದೇ ಗುರುತಿನ ಸಂಖ್ಯೆ. ಒಬ್ಬರು ತಿದ್ದಿದ್ದು ಮೂರೂ ಕಡೆ ತಾನಾಗಿಯೇ ತಿದ್ದಿಕೊಳ್ಳಬೇಕು. ನನಗೆ ಇದು ಬಹಳ ಹಿಡಿಸಿತು. ವರ್ಷಗಟ್ಟಲೆ ಶಹಾಪುರದ ಕಿಟಕಿಯ ಮುಂದೆ ನಿಂತು ಬೈಸಿಕೊಂಡವಳು ನಾನು.

ಯಾದಗಿರಿಯ ಕಚೇರಿಯಿಂದ ಒಬ್ಬ ಮೇಡಂ ಲ್ಯಾಪ್‌ಟಾಪ್ ತಂದು ಸಮುದಾಯ ಭವನದಲ್ಲಿ ಕೂತರು. ಹೆಂಗಸರು ಒಬ್ಬೊಬ್ಬರಾಗಿ ಬಂದು ವಿವರ ಹೇಳಬೇಕು. ಗಂಡನ ಹೆಸರಿನ ಕಾಲಂಗೆ ಬಂದಾಗ ಎಲ್ಲರೂ ಬಾಯಿ ಮುಚ್ಚಿಕೊಂಡರು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ತೆಗೆಯುವುದಿಲ್ಲ. ಪಕ್ಕದವಳ ಕಡೆ ನೋಡುತ್ತಾಳೆ, ಪಕ್ಕದವಳು ಹೇಳುತ್ತಾಳೆ. ಒಬ್ಬ ಮುದುಕಿಯ ಪಕ್ಕದಲ್ಲಿ ಯಾರೂ ಇರಲಿಲ್ಲ.

"ಹೇಳ್ರಿ ಅಜ್ಜಿ, ಇದು ತುಂಬದಿದ್ರ ಮುಂದ ಹೋಗಲ್ಲ," ಎಂದರು ಮೇಡಂ.

"ಮುಂದ ಹೋಗದಿದ್ರ ಹಿಂದ ಹೋಗಂತ ಹೇಳವ್ವ ಅದಕ್ಕ."

"ಅವರು ತೀರಿಕೊಂಡಾರಲ್ರಿ, ಈಗೇನು ನಾಚಿಕಿ?"

"ಇದ್ದಾಗ ಅವ ಒಂದಿನ ನನ್ನ ಹೆಸರು ಹಿಡದು ಕರದಿಲ್ಲ, 'ಏ ಇಕಿ' ಅಂತಿದ್ದ. ಸತ್ತ ಮ್ಯಾಲ ನಾ ಯಾಕ ಅವನ ಹೆಸರು ಹಿಡೀಲಿ?"

ಮೇಡಂ ನಗುತ್ತ ನನ್ನ ಕಡೆ ತಿರುಗಿದರು. ನಾನು ಹೇಳಿದೆ. ಹೀಗೆ ಊರಿನ ಎಷ್ಟೋ ಗಂಡಸರ ಹೆಸರು ನನ್ನ ಬಾಯಿಂದಲೇ ಆ ಕಂಪ್ಯೂಟರಿಗೆ ಹೋಯಿತು. ಮೇಡಂ ನನ್ನ ಮಾತನ್ನು ನಂಬತೊಡಗಿದರು. ಅದೇ ನನಗೆ ಅನುಕೂಲವಾಯಿತು.

ಹೆಚ್ಚಿನ ಹೆಸರುಗಳು ತಾವೇ ಹೊಂದಿಕೊಂಡವು. ಹೊಂದದವುಗಳ ಪಟ್ಟಿ ಮಾತ್ರ ಕೊನೆಗೆ ಉಳಿಯಿತು. ಅವುಗಳ ಎದುರು 'ಹೊಂದಿಕೆಯಾಗಿಲ್ಲ' ಎಂದು ಬರುತ್ತಿತ್ತು. ಬ್ಯಾಂಕಿನ ಈ ಹೆಂಗಸು ಒಕ್ಕೂಟದ ಯಾವ ಹೆಂಗಸು ಎಂದು ಊರು ಬಲ್ಲವರು ಗುರುತಿಸಬೇಕು. ಗುರುತಿಸುವವಳು ನಾನು. ಮೇಡಂ ಓದುವುದು, ನಾನು ಹೇಳುವುದು. "ಈಕಿ ಅಗಸಿ ಹತ್ರದಾಕಿ." "ಇವರು ಊರು ಬಿಟ್ಟಾರ್ರಿ." "ಇದು ಆಕಿ ತವರಿನ ಹೆಸರು, ಇಲ್ಲಿ ಬ್ಯಾರೆ." ಹೀಗೆ ಬೇರೆಯವರ ತವರಿನ ಹೆಸರುಗಳನ್ನು ಒಂದನ್ನೂ ಬಿಡದೆ ಹೇಳಿದ್ದೇನೆ.

ಆಮೇಲೆ ಮೇಡಂ ನನ್ನ ತಂಗಿಯ ಹುಟ್ಟಿದ ಹೆಸರು ಓದಿದರು. ಖಾತೆ ತೆರೆಯುವಾಗ ಅವಳ ಬಳಿ ಇದ್ದದ್ದು ಶಾಲೆಯ ಕಾಗದ ಒಂದೇ. ಹೀಗಾಗಿ ಬ್ಯಾಂಕಿನಲ್ಲಿ ಹಳೆಯ ಹೆಸರು, ಒಕ್ಕೂಟದ ಪುಸ್ತಕದಲ್ಲಿ ಹೊಸ ಹೆಸರು. ಬ್ಯಾಂಕಿನವರು ಆ ಕಾಗದದಿಂದ ಅವಳ ಹೆಸರು, ತಂದೆಯ ಹೆಸರು ಅಷ್ಟೇ ಇಳಿಸಿಕೊಂಡಿದ್ದರು; ಹುಟ್ಟಿದ ದಿನ, ಗಂಡನ ಹೆಸರು ಎರಡೂ ಖಾಲಿ. ತಂದೆ ಎಂಬ ಕಾಲಂನಲ್ಲಿ ನಮ್ಮ ಅಪ್ಪನ ಹೆಸರು. ಪರದೆ ನನ್ನ ಕಡೆಗೇ ತಿರುಗಿತ್ತು. ಎಷ್ಟೋ ವರ್ಷದ ಮೇಲೆ ಅಪ್ಪನ ಹೆಸರನ್ನು ಅಕ್ಷರದಲ್ಲಿ ನೋಡುತ್ತಿದ್ದೆ.

ತಂಗಿ ಅಂದು ಊರಲ್ಲಿ ಇರಲಿಲ್ಲ. ಅವ್ವ ಬಿದ್ದು ಕಾಲು ಮುರಿದುಕೊಂಡಿದ್ದಳು. ಅವಳನ್ನು ನೋಡಿಕೊಳ್ಳಲು ಬೋನಾಳಕ್ಕೆ ಹೋಗಿದ್ದಳು. ಹೋಗುವ ಮುಂಚೆ ಗೋಡೆಯ ಮೇಲಿಂದ ಕೂಗಿ ಹೇಳಿದ್ದಳು: "ಯಕ್ಕ, ನನ್ನದೂ ಒಂದಿಷ್ಟು ನೋಡಿ ಹಚ್ಚಿಸು. ಸಾಲ ಈ ಸಲ ನನ್ನ ಹೆಸರಿಗೆ ಬರೋದದ." ಅವಳಿಗೆ ಆ ಸಾಲ ಯಾಕೆ ಬೇಕು ಎಂಬುದೂ ನನಗೆ ಗೊತ್ತಿತ್ತು. ಮೈದುನ ಕಡೇಚೂರಿನ ಕಾರ್ಖಾನೆಯಲ್ಲಿ ಹಮಾಲಿ ಮಾಡುತ್ತಿದ್ದ. ಅಲ್ಲಿನ ಕೂಲಿಯವರಿಗೆ ರೊಟ್ಟಿ ಸಿಗುತ್ತಿರಲಿಲ್ಲ. ಕಾರ್ಖಾನೆಯ ಗೇಟಿನ ಹತ್ತಿರ ಒಂದು ಕೋಣೆ ಹಿಡಿದು ಖಾನಾವಳಿ ಇಡಬೇಕೆಂದು ಅವಳು ಹೊರಟಿದ್ದಳು. ಕೋಣೆಯ ಮಾಲೀಕನ ಜೊತೆ ಮಾತೂ ಆಗಿತ್ತು.

"ಈ ಹೆಸರಿನವರು ಯಾರು?" ಎಂದು ಮೇಡಂ ಮತ್ತೊಮ್ಮೆ ಕೇಳಿದರು.

"ಆ ಹೆಸರಿನಾಕಿ ಒಬ್ಬಾಕಿ ಇದ್ಲು. ನಮ್ಮ ಅತ್ತಿ. ಸತ್ತು ಹೋಗ್ಯಾಳ್ರಿ."

ಈ ಮಾತಿನಲ್ಲಿ ಒಂದು ಶಬ್ದವೂ ಸುಳ್ಳಿರಲಿಲ್ಲ. ಅತ್ತೆಗೆ ಬ್ಯಾಂಕಿನ ಬಾಗಿಲು ಎತ್ತ ಕಡೆಗಿದೆ ಎಂಬುದೂ ಗೊತ್ತಿರಲಿಲ್ಲ ಎಂಬುದನ್ನು ಮಾತ್ರ ನಾನು ಹೇಳಲಿಲ್ಲ.

"ಮರಣ ಪ್ರಮಾಣಪತ್ರ ಅದೇನ್ರಿ?"

"ಅದರಿ."

ಇಲ್ಲಿ ನಾನು ನಿಲ್ಲಬಹುದಿತ್ತು. ಮನೆಗೆ ಹೋದೆ. ಟ್ರಂಕಿನ ತಳದಲ್ಲಿದ್ದ ಅತ್ತೆಯ ಪತ್ರ ತೆಗೆದೆ. ಅದರಲ್ಲಿ ಮಾವನ ಹೆಸರಿತ್ತು, ಅತ್ತೆಯ ತಂದೆಯ ಹೆಸರು ಇರಲಿಲ್ಲ. ಬ್ಯಾಂಕಿನ ಸಾಲಿನಲ್ಲಿ ತಂದೆಯ ಹೆಸರಿತ್ತು, ಗಂಡನದು ಇರಲಿಲ್ಲ. ಎರಡೂ ಎಲ್ಲೂ ಒಂದಕ್ಕೊಂದು ತಗಲುವುದಿಲ್ಲ, ಸುಳ್ಳು ಸಿಕ್ಕಿಬೀಳುವುದಿಲ್ಲ ಎಂದು ಬಾಗಿಲಲ್ಲಿ ನಿಂತೇ ಲೆಕ್ಕ ಹಾಕಿದೆ. ಏಳನೆಯ ಇಯತ್ತೆಯ ಬುದ್ಧಿ ಅವತ್ತು ಸೇಡಿಗೆ ಸಾಕಾಯಿತು. ಪತ್ರವನ್ನು ಒಯ್ದು ಮೇಡಂ ಕೈಗೆ ಕೊಟ್ಟೆ. ಅವರು ಒಂದು ಗುಂಡಿ ಒತ್ತಿದರು. ಆ ಸಾಲಿನ ಎದುರು 'ಮೃತ' ಎಂದು ಬಂತು.

ಮೊದಲಿನ ಕಾಲವಾಗಿದ್ದರೆ ಆ ತಪ್ಪು ಒಂದು ಕಡೆ ಬಿದ್ದಿರುತ್ತಿತ್ತು. ಇನ್ನೊಂದು ಕಡೆಯ ಪುಸ್ತಕದಲ್ಲಿ ಅವಳು ಬದುಕಿರುತ್ತಿದ್ದಳು. ಈಗ ಮೂರೂ ಕಡೆಯ ಲೆಕ್ಕ ಜೋಡಿಯಾಗಿತ್ತು. ತೂಬು ಎತ್ತಿದರೆ ನೀರು ಎಲ್ಲ ಹೊಲಕ್ಕೂ ಹೋಗುವಂತೆ ನನ್ನ ಮಾತು ಒಕ್ಕೂಟದಿಂದ ಬ್ಯಾಂಕಿಗೂ ಬ್ಯಾಂಕಿನಿಂದ ಕಚೇರಿಗೂ ಅಂದೇ ಹೋಯಿತು. ನಾನು ಬಯಸಿದ್ದಕ್ಕಿಂತ ಚೆನ್ನಾಗಿ ಅದು ಕೆಲಸ ಮಾಡಿತು.

ಒಕ್ಕೂಟದ ಪಟ್ಟಿಯಲ್ಲಿದ್ದ ಹೊಸ ಹೆಸರಿಗೆ ಸಾಲ ಮಂಜೂರಾದ ಮೇಲೆ ತಂಗಿ ಬೋನಾಳದಿಂದ ಬಂದಳು. ಸದಸ್ಯೆಯರ ಜೊತೆ ಬ್ಯಾಂಕಿಗೆ ಹೋಗುವುದು ಪುಸ್ತಕ ಬರೆಯುವವಳ ಕೆಲಸ. ಬೇರೆ ನೆಪ ಹೇಳಬಹುದಿತ್ತು. ಹೇಳಲಿಲ್ಲ, ನೋಡಬೇಕಿತ್ತು ನನಗೆ.

ಶಹಾಪುರದ ಬ್ಯಾಂಕಿನಲ್ಲಿ ಮಂದಿಯ ಸಾಲು ಇತ್ತು. ಕಿಟಕಿಯ ಹಿಂದಿನ ಗುಮಾಸ್ತ ಅವಳ ಪಾಸ್‌ಬುಕ್ ನೋಡಿ, ಕಂಪ್ಯೂಟರ್ ನೋಡಿ, ಮತ್ತೆ ಅವಳನ್ನು ನೋಡಿದ.

"ಈ ಖಾತೆದಾರರು ತೀರಿಕೊಂಡಾರಂತ ಬಂದದಲ್ಲವ್ವ."

ತಂಗಿ ನಕ್ಕಳು. "ನಾ ನಿಮ್ಮ ಮುಂದ ನಿಂತೀನಲ್ರಿ ಸಾಹೇಬ್ರ."

"ನೀ ನಿಂತಿ. ಖಾತೆ ನಿಂತಿಲ್ಲ."

ಹಿಂದೆ ನಿಂತ ಒಬ್ಬ ಗಂಡಸು, "ಸತ್ತವರಿಗೂ ಸಾಲ ಕೊಡ್ತಾರಂದ್ರ ನಮ್ಮಪ್ಪನ್ನೂ ಕರ್ಕೊಂಡು ಬರ್ತಿದ್ದೆ," ಎಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ತಂಗಿಯೂ ಇನ್ನೂ ನಗುತ್ತಿದ್ದಳು.

"ಯಾರು ಹೇಳ್ಯಾರ್ರಿ ನಿಮಗ?"

ಗುಮಾಸ್ತ ಪರದೆ ಓದಿದ. "ಗುರುತಿಸಿದವರು, ಒಕ್ಕೂಟದ ಪುಸ್ತಕ ಬರಹಗಾರ್ತಿ. ಮರಣ ಪತ್ರನೂ ಕೊಟ್ಟಾರ."

ಅವಳ ನಗು ನಿಂತಿತು. ನನ್ನ ಕಡೆ ತಿರುಗಿದಳು. ಬೈಯುತ್ತಾಳೆ, ಕೂದಲು ಹಿಡಿಯುತ್ತಾಳೆ ಎಂದುಕೊಂಡೆ. ಅದಕ್ಕೂ ತಯಾರಾಗಿದ್ದೆ. ಕೀಲಿಕೈಯ ಮಾತು ಅಲ್ಲೇ ಎತ್ತಬೇಕೆಂದು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ. ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು.

"ಪುಸ್ತಕ ಬರಿಯವ್ರು ಹೇಳ್ಯಾರಂದ್ರ ಖರೇನೇ ಇರ್ತದ ಬಿಡ್ರಿ. ಸತ್ತಿರಬೇಕು ಆಕಿ."

ಪಾಸ್‌ಬುಕ್ ಸೆರಗಿನಲ್ಲಿ ಸುತ್ತಿಕೊಂಡು ಹೊರಗೆ ನಡೆದಳು. ಊರಿಗೆ ಬರುವ ಟಂಟಂ ಆಟೋದಲ್ಲಿ ಅವಳು ಮುಂದೆ ಕೂತಳು, ನಾನು ಹಿಂದೆ. ನನ್ನ ಎದೆ ತಂಪಾಗಿತ್ತು. ಇದನ್ನು ಮುಚ್ಚಿಡುವುದಿಲ್ಲ. ಅವಳ ಬೆನ್ನು ನೋಡುತ್ತ, ಈಗ ಗೊತ್ತಾಯಿತೇನು, ಮಂದಿಯ ಮುಂದೆ ನಿಲ್ಲುವುದೆಂದರೆ ಹೇಗಿರುತ್ತದೆ ಎಂದು ಮನಸ್ಸಿನಲ್ಲೇ ಕೇಳುತ್ತ ಬಂದೆ. ಅಂದು ರಾತ್ರಿ ಎರಡು ರೊಟ್ಟಿ ಹೆಚ್ಚು ತಿಂದೆ.

ಅದನ್ನು ತಿದ್ದುವ ದಾರಿ ಇತ್ತು. ಗುರುತಿಸಿದವಳೇ ಯಾದಗಿರಿಗೆ ಹೋಗಿ ತನ್ನ ಮಾತು ವಾಪಸು ತೆಗೆದುಕೊಳ್ಳಬೇಕು. ಆಮೇಲೆ ಬ್ಯಾಂಕು ಒಪ್ಪಬೇಕು, ಕಚೇರಿ ಒಪ್ಪಬೇಕು, ಒಕ್ಕೂಟ ಒಪ್ಪಬೇಕು. ಸಾಯಿಸಲು ಒಂದು ಗುಂಡಿ ಸಾಕಾಗಿತ್ತು. ಬದುಕಿಸಲು ಮೂವರೂ ಹೂಂ ಎನ್ನಬೇಕಿತ್ತು. ಮೈದುನ ಬಂದು ನನ್ನ ಗಂಡನಿಗೆ ಹೇಳಿದ. ಗಂಡ ನನಗೆ ಹೇಳಿದ. ಮೇಡಂ ಫೋನ್ ಮಾಡಿದರು. "ಹತ್ತಿ ಬಿಡಸೋದು ನಡದದರಿ, ಮುಗೀಲಿ," ಎಂದೆ. ಹತ್ತಿ ಬಿಡಿಸುವುದು ಮುಗಿಯಿತು. ಮೆಣಸಿನಕಾಯಿ ಒಣಗಿಸುವುದಿದೆ ಎಂದೆ. ಹೊಲದಲ್ಲಿ ಕೆಲಸ ಹುಡುಕಿ ಹುಡುಕಿ ಮಾಡಿದೆ.

ಕಡೇಚೂರಿನ ಕೋಣೆಯ ಮಾಲೀಕ ಎಷ್ಟು ದಿನ ಕಾಯುತ್ತಾನೆ? ಗುರುಮಠಕಲ್ ಕಡೆಯ ತೆಲುಗು ಮಾತಿನ ಹೆಂಗಸೊಬ್ಬಳಿಗೆ ಕೊಟ್ಟುಬಿಟ್ಟ. ಆಕೆ ಅಲ್ಲಿ ಖಾನಾವಳಿ ಇಟ್ಟಳು. ಆಕೆಗೆ ಅನ್ನ, ಬೇಳೆಯ ಪಪ್ಪು, ಹುಳಿಯ ಪುಳುಸು ಮಾಡಲು ಬರುತ್ತಿತ್ತು. ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಕೂಲಿಯವರು ರೊಟ್ಟಿ ಕೇಳುತ್ತಿದ್ದರು. ರೊಟ್ಟಿ ಬಡಿಯಲು ಒಬ್ಬಳು ಬೇಕಾದಳು. ನನ್ನ ತಂಗಿ ದಿನಗೂಲಿಗೆ ಹೋದಳು. ತಾನು ಹಿಡಿಯಬೇಕೆಂದಿದ್ದ ಕೋಣೆಯಲ್ಲೇ, ಇನ್ನೊಬ್ಬಳ ಒಲೆಯ ಮುಂದೆ.

ಈ ಸುದ್ದಿ ಕೇಳಿದ ಮೇಲೆ ನಾನು ಯಾದಗಿರಿಗೆ ಹೋದೆ. ಯಾಕೆ ಆಗಲೇ ಹೋದೆ ಎಂದರೆ ಇನ್ನು ಕೆಡಿಸಲು ಏನೂ ಉಳಿದಿರಲಿಲ್ಲ. ಮೇಡಂ ಅದೇ ಸಾಲನ್ನು ತೆಗೆದರು. ಹಿಂದಿನ ಮಾತು ಬದಲಿಸಲು ಕಾರಣ ಕೊಡದೆ ಕಂಪ್ಯೂಟರ್ ಬಿಡುವುದಿಲ್ಲ. ಕಾರಣಗಳೂ ಅದರಲ್ಲೇ ಬರೆದಿದ್ದವು. ಮೇಡಂ ಓದಿದರು: ಹೆಸರು ಬದಲಾವಣೆ, ಎರಡು ಸಲ ನೋಂದಣಿ, ಕಣ್ತಪ್ಪು.

"ಇದರಾಗ ಯಾವುದ್ರಿ?"

ನಾನು ಆ ಮೂರನ್ನೂ ಮತ್ತೆ ಓದಿಸಿಕೊಂಡೆ. ನನ್ನ ಕಾರಣ ಅಲ್ಲಿ ಇರಲಿಲ್ಲ. ಮೂರು ಸಂಸ್ಥೆಯವರು ಕೂತು ಒಪ್ಪಿಕೊಂಡ ನಮೂನೆಯಲ್ಲಿ ಒಡಹುಟ್ಟಿದವಳ ಹಗೆಗೆ ಯಾರೂ ಜಾಗ ಬಿಟ್ಟಿರಲಿಲ್ಲ.

"ಕಣ್ತಪ್ಪು," ಎಂದೆ.

"ಸ್ವಂತ ತಂಗಿ ಅಂತೀರಿ, ಹೆಂಗ ಕಣ್ತಪ್ಪಿತ್ರಿ?" ಎಂದು ಮೇಡಂ ನಕ್ಕರು.

"ಬಾಳ ಮಂದಿ ಇದ್ರಲ್ರಿ ಅವತ್ತು."

ಅವರು ಒತ್ತಿದರು. ಕೆಲವು ವಾರಗಳ ಮೇಲೆ ಮೂರೂ ಕಡೆಯ ಒಪ್ಪಿಗೆ ಬಂತು. ಹೊಸ ಹೆಸರು, ಹಳೆಯ ಹೆಸರು, ಖಾತೆ, ಎಲ್ಲ ಒಂದೇ ಸಂಖ್ಯೆಯ ಕೆಳಗೆ ಕೂತವು. ಆ ಹೊತ್ತಿಗೆ ಸಾಲ ಪಟ್ಟಿಯ ಮುಂದಿನವಳಿಗೆ ಹೋಗಿತ್ತು. ಕಾಗದದ ಮೇಲೆ ನನ್ನ ಕೆಲಸ ಮುಗಿಯಿತು. ಲೆಕ್ಕ ಸಮ ಆಯಿತು, ಕೀಲಿಕೈಗೆ ಖಾನಾವಳಿ ಎಂದುಕೊಂಡೆ. ಅಷ್ಟಕ್ಕೇ ಬಿಟ್ಟುಬಿಡಬೇಕೆಂದೂ ಇದ್ದೆ.

ಬಿಡಲು ಕೊಡಲಿಲ್ಲ ಅವ್ವ. ಅವಳಿಗೆ ಕಾಲು ಕೂಡಿ ಬಂದಿತ್ತು, ಕೋಲು ಹಿಡಿದು ಓಡಾಡುತ್ತಿದ್ದಳು. ಬೋನಾಳಕ್ಕೆ ಹೋದಾಗ ಅವಳು ಕೆರೆಯ ದಡದ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ನಾನೂ ಕೂತು ಬಿಡಿಸತೊಡಗಿದೆ. ಅವ್ವ ತಾನಾಗಿಯೇ ಮಾತು ತೆಗೆದಳು.

"ನಿನ್ನ ತಂಗಿ ಕಾಗದ ಏನೋ ಕೆಟ್ಟಿತ್ತಂತಲ್ಲ. ಬ್ಯಾಂಕಿನವರು ಸತ್ತಾಳಂತ ಬರದಿದ್ರಂತ. ಹಲ್ಕಟ್ ಮಂದಿ, ಬದುಕಿದವರ್ನ ಹಂಗ ಬರೀತಾರೇನ?"

ನಾನು ಇನ್ನೊಂದು ಹಣ್ಣು ಎತ್ತಿಕೊಂಡೆ.

"ಯಕ್ಕನೇ ಯಾದಗಿರಿ ತನ ಹೋಗಿ ಸರಿ ಮಾಡಿಸಿ ಕೊಟ್ಲು ಅಂದ್ಲು. ನನಗ ಸಮಾಧಾನ ಆತವ್ವ. ನಿಮ್ಮಿಬ್ಬರದೂ ಸರಿ ಇಲ್ಲಂತ ನನಗ ಯಾರೋ ಅಂದಿದ್ರು."

"ಆಕಿನೇ ಹಂಗ ಅಂದ್ಲೇನ?"

"ಮತ್ತ? ಇಲ್ಲೇ ಕುಂತು ಹೇಳ್ಯಾಳ."

ಹುಣಸೆಯ ನಾರು ನನ್ನ ಬೆರಳಿಗೆ ಅಂಟಿಕೊಂಡಿತ್ತು. ಅತ್ತೆಯ ಮುಂದೆ ನನ್ನ ಮಾತು ಹೇಳಿಬಿಟ್ಟವಳು ಅವ್ವನ ಮುಂದೆ ನನ್ನ ಮಾತು ಹೇಳಲಿಲ್ಲ. ಹೇಳಿದ್ದರೆ ಅವ್ವ ಸಾಯುವವರೆಗೆ ನನ್ನ ಮುಖ ನೋಡುತ್ತಿರಲಿಲ್ಲ. ಅದು ಅವಳಿಗೂ ಗೊತ್ತು. ಬಡಿಯಲು ಅವಳ ಕೈಗೆ ಕೋಲು ಸಿಕ್ಕಿತ್ತು, ಅವಳು ಅದನ್ನು ಎತ್ತಲೇ ಇಲ್ಲ. ನನಗೆ ಮೊದಲು ಬಂದದ್ದು ಸಿಟ್ಟೇ. ದೊಡ್ಡವಳಾಗಲು ನೋಡುತ್ತಾಳೆ ಎಂದುಕೊಂಡೆ. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅದನ್ನೇ ಅಂದುಕೊಂಡೆ. ಮನೆಗೆ ಬಂದು ಗೋಡೆಯ ಆ ಕಡೆ ಬೀಗ ಹಾಕಿದ ಬಾಗಿಲು ನೋಡಿದಾಗ ಆ ಸಿಟ್ಟು ಮುಂದಕ್ಕೆ ನಡೆಯಲಿಲ್ಲ.

ಮರುದಿನ ಯಾದಗಿರಿಗೆ ಹೋಗಿ, ಅಲ್ಲಿಂದ ಕಡೇಚೂರಿನ ಬಸ್ಸು ಹಿಡಿದೆ. ಕಾರ್ಖಾನೆಯ ಗೇಟಿನ ಎದುರಿಗೆ ತಗಡಿನ ಮುಂಚಾಚು ಹಾಕಿದ ಕೋಣೆ. ಊಟದ ಹೊತ್ತು ಮುಗಿಯುತ್ತಿತ್ತು. ಕೂಲಿಯವರು ಕೈ ತೊಳೆಯುತ್ತಿದ್ದರು. ಒಡತಿ ದುಡ್ಡಿನ ಗಲ್ಲೆಯ ಹತ್ತಿರ ಕೂತಿದ್ದಳು. ತಂಗಿ ಹಿಂದಿನ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಶಾಖಕ್ಕೆ ಮುಂಗೈಯ ಚರ್ಮ ಕಪ್ಪಾಗಿತ್ತು. ನನ್ನನ್ನು ನೋಡಿದಳು. ಕೈ ನಿಲ್ಲಲಿಲ್ಲ.

"ಊಟಕ್ಕೇನ್ರಿ? ಕುಂದರ್ರಿ, ಬಿಸಿ ರೊಟ್ಟಿ ಆಗ್ತದ."

ಹುಟ್ಟಿದ ದಿನದಿಂದ ನನ್ನನ್ನು ನೀನು ಎಂದವಳು. ಬ್ಯಾಂಕಿನ ಕಿಟಕಿಯ ದಿನದಿಂದ ಹೀಗೆ ಬಹುವಚನ ಹಚ್ಚಿದ್ದಳು.

"ಊಟಕ್ಕ ಬಂದಿಲ್ಲ."

"ಮತ್ತ ಸಹಿ ಬೇಕೇನ್ರಿ? ಕಾಗದ ಎಲ್ಲಾ ಸರಿ ಆಗ್ಯಾವಂತ ಹೇಳಿ ಕಳಸ್ಯಾರ. ಕಣ್ತಪ್ಪಿ ಆಗಿತ್ತಂತ. ನನಗ ಬಾಳ ಖುಷಿ ಆತು, ನೀವು ಕಣ್ಣು ತೋರಿಸ್ಕೋರಿ ಯಾದಗಿರಿ ದವಾಖಾನ್ಯಾಗ."

ಒಡತಿ ತಲೆ ಎತ್ತಿ, "ಎವರಮ್ಮಾ? ಯಾರು ಇವರು?" ಎಂದು ಕೇಳಿದಳು. ತಂಗಿ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಯಾರೆಂದು ನಾನೇ ಹೇಳಲಿ ಎಂದು ಬಿಟ್ಟಳೋ, ಹೇಳುವಂಥದ್ದೇನೂ ಇಲ್ಲ ಎಂದುಕೊಂಡಳೋ ತಿಳಿಯಲಿಲ್ಲ. ಕೈ ತೊಳೆಯುತ್ತಿದ್ದವರೂ ನಮ್ಮ ಕಡೆ ನೋಡತೊಡಗಿದರು. ಹೊರಗೆ ಕರೆದು ಹೇಳೋಣವೇ ಎಂದು ಒಂದು ಕ್ಷಣ ಅನ್ನಿಸಿತು. ಅವಳು ನಗೆಪಾಟಲಾದದ್ದು ಮಂದಿಯ ಮುಂದೆ. ನನಗೂ ಮಂದಿ ಇರಲಿ ಎಂದುಕೊಂಡೆ. ಹಿಟ್ಟಿನ ಪರಾತದ ಎದುರು ನೆಲದ ಮೇಲೆ ಕೂತೆ. ಅವಳ ಅಂಗೈ ಹಿಟ್ಟಿನ ಮೇಲೆ ನಿಂತಿತು.  ಗಲ್ಲೆಯ ತನಕ ಕೇಳುವಷ್ಟು ಜೋರಾಗಿ ಹೇಳಿದೆ.

"ನಾ ಈಕಿ ಅಕ್ಕ ಅದೀನ್ರಿ. ಈಕಿ ಸತ್ತಾಳಂತ ಬರಸಿದಾಕಿ ನಾನೇ. ಅದು ಕಣ್ತಪ್ಪಲ್ಲ ತಂಗಿ. ಅಪ್ಪನ ಹೆಸರು ಕಣ್ಣ ಮುಂದೇ ಇತ್ತು, ಓದೀನಿ, ಓದಿ ಬೇಕಂತೇ ಮಾಡೀನಿ. ಆಮ್ಯಾಲ ಸರಿ ಮಾಡೋದನ್ನೂ ಬೇಕಂತೇ ತಡ ಮಾಡೀನಿ, ಈ ಕೋಣಿ ನಿನ್ನ ಕೈ ತಪ್ಪಲಿ ಅಂತ. ನೀ ಏನ್ ಮಾಡಿದಿ ಅನ್ನೋದನ್ನ ಇವತ್ತು ನಾ ತಗ್ಯಾಂಗಿಲ್ಲ. ನಂದು ತಪ್ಪಾತು. ತಪ್ಪಾತವ್ವ, ಹೊಟ್ಟ್ಯಾಗ ಹಾಕ್ಕೋ."